ಅಷ್ಟು ಗಟ್ಟಿ ಕಲ್ಲು ಒಡೆಯದೆ ಬಾಗಿದ್ದು ಹೇಗೆ?

ಮಸ್ಕತ್‌ನಲ್ಲಿ ಕೆಲಸಕ್ಕಿರುವ ಮಲ್ಪೆಯ ಓದುಗರೊಬ್ಬರು ಫೋಟೋ ಸಮೇತ ಕೇಳಿದ್ದಾರೆ: "ರಜೆಯಲ್ಲಿ ಹಜರ್ ಬೆಟ್ಟಗಳ ಕಡೆ ಹೋಗಿದ್ದೆವು. ಒಂದು ವಾದಿಯ (ಮಳೆ ಬಂದಾಗಷ್ಟೇ ನೀರು ಹರಿಯುವ ಒಣ ಕಣಿವೆಯ) ಪಕ್ಕ, ಗೋಡೆಯಂಥ ಬಂಡೆಯಲ್ಲಿ ಪದರಗಳೆಲ್ಲ ಸೀರೆ ನೆರಿಗೆಯ ಹಾಗೆ ಮಡಚಿಕೊಂಡಿದ್ದವು. ಅಷ್ಟು ಗಟ್ಟಿ ಕಲ್ಲು ಒಡೆಯದೆ ಹೇಗೆ ಬಾಗಿತು? ನಮ್ಮೂರಲ್ಲಿ ಯಾಕೆ ಇಂಥದ್ದು ಕಾಣುವುದಿಲ್ಲ?"

ಕರೆಂಟು ಹೋದರೆ ಬೇಕಾಗುತ್ತದೆಂದು ನಾವು ಕಪಾಟಿನ ಮೂಲೆಗೆ ಒರಗಿಸಿಟ್ಟ ಮೇಣದಬತ್ತಿಯನ್ನು ನೆನಪಿಸಿಕೊಳ್ಳಿ. ಏಪ್ರಿಲ್ ಸೆಕೆಗೆ ಅದು ಬಿಲ್ಲಿನ ಹಾಗೆ ಬಾಗಿರುತ್ತದೆ. ಅದೇ ಬತ್ತಿಯನ್ನು ಮಳೆಗಾಲದಲ್ಲಿ ಫಕ್ಕನೆ ಬಗ್ಗಿಸಲು ಹೋದರೆ ಟಪ್ ಅಂತ ತುಂಡು.

ಕಲ್ಲಿನ ಕತೆಯೂ ಹೀಗೇ. ಭೂಮಿಯೊಳಗೆ ಒಂದೊಂದು ಕಿಲೋಮೀಟರ್ ಇಳಿದಂತೆ ಬಿಸಿ ಸುಮಾರು 25–30 ಡಿಗ್ರಿ ಏರುತ್ತದೆ. ಮೇಲಿನ ಬಂಡೆಗಳ ಭಾರ ಸುತ್ತಲಿಂದ ಅದುಮಿ ಹಿಡಿದಿರುವುದರಿಂದ ಬಿರುಕು ಬಾಯಿ ಬಿಡುವುದೇ ಕಷ್ಟ. ಹಜರ್‌ನಲ್ಲಿ ಜಾಸ್ತಿ ಕಾಣುವುದು ಸುಣ್ಣಕಲ್ಲು. ಅದರಲ್ಲಿರುವ ಕ್ಯಾಲ್ಸೈಟ್ ಎಂಬ ಖನಿಜದ ಹರಳುಗಳು ಆ ಸ್ಥಿತಿಯಲ್ಲಿ ಚೂರುಚೂರೇ ಜಾರುತ್ತವೆ. ಒತ್ತಡ ಜಾಸ್ತಿ ಇರುವಲ್ಲಿ ಕಲ್ಲಿನೊಳಗಿನ ನೀರಿನಲ್ಲಿ ಕರಗಿ, ಕಡಿಮೆ ಇರುವಲ್ಲಿ ಮತ್ತೆ ಹರಳುಗಟ್ಟುತ್ತವೆ. ಲಕ್ಷಾಂತರ ವರ್ಷ ಹೀಗೇ ನಡೆದರೆ ಬೆಟ್ಟವೇ ಬಾಗುತ್ತದೆ.

ಇನ್ನೊಂದು ಗುಟ್ಟು ಪದರಗಳಲ್ಲಿದೆ. ಒಂದು ದಪ್ಪ ನೋಟ್‌ಬುಕ್ ಬಗ್ಗಿಸಿ ಅಂಚು ನೋಡಿ. ಹಾಳೆಗಳು ಒಂದರ ಮೇಲೊಂದು ಜಾರಿ ಅಂಚು ಓರೆಯಾಗುತ್ತದೆ. ನಾಲ್ಕೂ ಕಡೆ ಗೋಂದು ಹಾಕಿಬಿಟ್ಟರೆ ಪುಸ್ತಕ ಬಗ್ಗುವುದೇ ಇಲ್ಲ. ಬಂಡೆಯ ಪದರಗಳೂ ಹೀಗೆ ಜಾರಿರುತ್ತವೆ. ಇನ್ನೊಮ್ಮೆ ಹೋದಾಗ ಪದರದ ಮೈಮೇಲೆ ಕೈಯಾಡಿಸಿ ನೋಡಿ, ಒಂದೇ ದಿಕ್ಕಿಗೆ ಎಳೆದ ಗೀರುಗಳು ಸಿಗಬಹುದು.

ಹಾಗಂತ "ಒಡೆಯದೆ" ಎಂದದ್ದು ಪೂರ್ತಿ ಸರಿಯಲ್ಲ. ನಿಮ್ಮ ಎರಡನೇ ಫೋಟೋವನ್ನು ದೊಡ್ಡದು ಮಾಡಿ. ತಿರುವಿನ ಹೊರಮೈಯಲ್ಲಿ ಬಿಳಿ ಗೆರೆಗಳಿವೆ, ಅಲ್ವಾ? ಅವು ಹಳೇ ಬಿರುಕುಗಳು. ಒಳಗೆ ಹರಿದ ನೀರಿನಿಂದ ಕ್ಯಾಲ್ಸೈಟ್ ಕೂತು ಹೊಲಿಗೆ ಹಾಕಿದಂತೆ ಮುಚ್ಚಿವೆ. ನನಗಂತೂ ಮಡಿಕೆಗಿಂತ ಈ ಹೊಲಿಗೆಯೇ ಚಂದ.

ಇಷ್ಟು ಬಾಗುವ ಹಾಗೆ ಪದರಗಳನ್ನು ನೂಕಿದ್ದು ಯಾರು? ಅಲ್ಲಿ ಮೊದಲು ಟೆಥಿಸ್ ಎಂಬ ಸಮುದ್ರವಿತ್ತು. ಸುಮಾರು 3,000 ಮೀಟರ್ ಎತ್ತರದ ಜಬಲ್ ಶಮ್ಸ್ ಎಂಬ ಹಜರ್ ಶಿಖರದ ಕಲ್ಲು ಕೂಡ ಸಮುದ್ರದಡಿ ಕೂತ ಕೆಸರೇ. ಸುಮಾರು 9.5ರಿಂದ 7 ಕೋಟಿ ವರ್ಷಗಳ ಹಿಂದೆ ಸಮುದ್ರತಳದ ದೊಡ್ಡ ಚಪ್ಪಡಿಯೊಂದು ಅರೇಬಿಯಾದ ಅಂಚಿನ ಮೇಲೆ ಹತ್ತಿ ಕೂತಿತು. ಆಮೇಲೆ ಅರೇಬಿಯಾ ಉತ್ತರಕ್ಕೆ ಸರಿದು ಇರಾನ್‌ಗೆ ಒತ್ತಿತು. ಈಗಲೂ ವರ್ಷಕ್ಕೆ ಎರಡು-ಮೂರು ಸೆಂಟಿಮೀಟರ್ ಸರಿಯುತ್ತಿದೆ. ಆ ಮೊದಲ ನೂಕಾಟದ ಕಾಲದಲ್ಲೇ, ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರ್ ಭಾರತದಿಂದ ಬೇರೆಯಾಗುವಾಗ ಉಕ್ಕಿದ ಲಾವಾ ತಣಿದು ನಿಮ್ಮ ಮಲ್ಪೆಯೆದುರಿನ ಸೇಂಟ್ ಮೇರಿಸ್ ದ್ವೀಪದ ಕಂಬಕಲ್ಲುಗಳಾದವು.

ಇನ್ನು ನಮ್ಮೂರು. ಇಲ್ಲೂ ಮಡಿಕೆಗಳಿವೆ, ಬಹಳ ಹಳೆಯವು. ಆದರೆ ಮೇಲೆ ಮುರಕಲ್ಲು, ಅದರ ಮೇಲೆ ಮಣ್ಣು, ಹುಲ್ಲು, ಮರ. ವರ್ಷಕ್ಕೆ ನಾಲ್ಕು ಮೀಟರಿನಷ್ಟು ಮಳೆ ಸುರಿಯುವಲ್ಲಿ ಬರೀ ಬಂಡೆ ಎಲ್ಲಿ ಉಳಿಯುತ್ತದೆ? ಮರುಭೂಮಿಯಲ್ಲಿ ಹೊದಿಕೆಯೇ ಇಲ್ಲ. ಊರಿಗೆ ಬಂದಾಗ ಗ್ರಾನೈಟ್ ಅಂಗಡಿಗೆ ಹೋಗಿ. ಕಪ್ಪು-ಬಿಳಿ ಪಟ್ಟೆಗಳು ಹಾವಿನ ಹಾಗೆ ಸುತ್ತಿಕೊಂಡ ಸ್ಲ್ಯಾಬ್ ಕಂಡರೆ, ಅದು ಗ್ರಾನೈಟ್ ಹೆಸರಲ್ಲಿ ಮಾರುವ ನೈಸ್ (gneiss) ಕಲ್ಲು, ಅಂದರೆ ಬಿಸಿ-ಒತ್ತಡಕ್ಕೆ ರೂಪ ಬದಲಿಸಿದ ಪಟ್ಟೆಕಲ್ಲು. ಮಡಿಕೆ ಪಾಲಿಶ್ ಆಗಿ ಮಲಗಿರುತ್ತದೆ.

ಮುಂದಿನ ಸಲ ಫೋಟೋ ತೆಗೆಯುವಾಗ ಪಕ್ಕದಲ್ಲೊಂದು ಪೆನ್ನು ಇಡಿ, ಅಳತೆ ಗೊತ್ತಾಗುತ್ತದೆ. ಮೇಲಿನ, ಕೆಳಗಿನ ಪದರಗಳೂ ಬಾಗಿವೆಯೇ ನೋಡಿ. ಸಪಾಟು ಪದರಗಳ ನಡುವೆ ಒಂದು ಮಾತ್ರ ಮುದುಡಿದ್ದರೆ, ಅದು ಹೆಚ್ಚಾಗಿ ಕೆಸರಾಗಿದ್ದಾಗಲೇ ಜಾರಿ ಮುದುಡಿದ್ದು. ಮತ್ತೆ, ಬೆಟ್ಟದ ಮೇಲೆ ಮೋಡ ಕಂಡರೆ ವಾದಿಯಲ್ಲಿ ನಿಲ್ಲಬೇಡಿ. ನೀವಿರುವಲ್ಲಿ ಹನಿ ಬೀಳದಿದ್ದರೂ ನೀರು ಒಮ್ಮೆಲೇ ಬರುತ್ತದೆ.