ಪುಟದ ಬುಡದಲ್ಲಿ ಯಾರ ಹೆಸರು?

ಇಂಗ್ಲಿಷಿನ ಮೊದಲ ದಿನಪತ್ರಿಕೆ ‘ಡೈಲಿ ಕೂರಾಂಟ್’ ಹೊರಬಂದದ್ದು 1702ರ ಮಾರ್ಚ್ 11ರಂದು, ಲಂಡನ್ನಿನಲ್ಲಿ. ಒಂದೇ ಹಾಳೆ, ಒಂದೇ ಮಗ್ಗುಲಿಗೆ ಅಚ್ಚು, ಎರಡು ಕಾಲಂ. ಸುದ್ದಿಯನ್ನಷ್ಟೇ ಕೊಡುತ್ತೇವೆ, ನಮ್ಮ ಅಭಿಪ್ರಾಯ ಸೇರಿಸುವುದಿಲ್ಲ, ಯೋಚನೆ ಮಾಡುವಷ್ಟು ಬುದ್ಧಿ ಓದುವವರಿಗೇ ಇದೆ ಎಂಬ ಅರ್ಥದ ಮಾತು ಅದರಲ್ಲಿತ್ತು. ಬುಡದಲ್ಲಿ, ಹೊರತಂದವರ ಹೆಸರು ಹಾಕುವ ಜಾಗದಲ್ಲಿ, ‘ಇ. ಮ್ಯಾಲೆಟ್’ ಎಂಬ ಹೆಸರು. ಇ ಅಂದರೆ ಎಲಿಜಬೆತ್.

ಇದನ್ನು ಹೇಳಿದ ತಕ್ಷಣ ‘ಆ ಕಾಲಕ್ಕೇ! ಎಂಥ ಅಪರೂಪದ ಹೆಂಗಸು’ ಅನ್ನುತ್ತಾರೆ. ಈ ‘ಅಪರೂಪ’ ಎಂಬ ಮಾತೇ ನನಗೆ ಒಪ್ಪಿಗೆಯಾಗುವುದಿಲ್ಲ. ಇಂಗ್ಲಿಷ್ ಪುಸ್ತಕದ ಅಚ್ಚುಮನೆಗಳಲ್ಲಿ ಹೆಂಗಸರು ಮೊದಲಿನಿಂದಲೂ ಇದ್ದರು. ಅಪರೂಪವಾಗಿದ್ದದ್ದು ಅವರ ಹೆಸರು ಪುಟದ ಮೇಲೆ ಬರುವುದು. ಎರಡೂ ಒಂದೇ ಅಲ್ಲ.

ಮೊದಲು ಕೆಲಸ ಹೇಗೆ ನಡೆಯುತ್ತಿತ್ತು ನೋಡಿ. ಅಚ್ಚುಮೊಳೆಗಳನ್ನು ಒಂದೊಂದಾಗಿ ಖಾನೆಯಿಂದ ತೆಗೆದು ಜೋಡಿಸಬೇಕು. ಅಕ್ಷರಗಳು ಕನ್ನಡಿಯಲ್ಲಿ ಕಂಡಂತೆ ತಿರುಗಿರುತ್ತವೆ. ಒಂದು ದೊಡ್ಡ ಹಾಳೆಯ ಒಂದು ಮಗ್ಗುಲಿಗೆ ಎಂಟು ಪುಟ, ಇನ್ನೊಂದು ಮಗ್ಗುಲಿಗೆ ಎಂಟು. ಆದರೆ ಆ ಪುಟಗಳು 1, 2, 3 ಎಂದು ಸಾಲಾಗಿ ಬರುವುದಿಲ್ಲ. ಒಂದು ಹಾಳೆಯನ್ನು ಮೂರು ಸಲ ಮಡಚಿ, ಅಂಚಿನಲ್ಲಿ ಇಣುಕಿ ನೋಡುತ್ತಾ 1ರಿಂದ 16ರವರೆಗೆ ಪುಟಸಂಖ್ಯೆ ಬರೆಯಿರಿ. ಬಿಚ್ಚಿದರೆ 1ರ ಪಕ್ಕ 16 ಇರುತ್ತದೆ, 8ರ ಪಕ್ಕ 9, 5ರ ಪಕ್ಕ 12, 4ರ ಪಕ್ಕ 13. ಜೋಡಿ ಜೋಡಿಯಾಗಿ ಕೂಡಿ ನೋಡಿ, ಎಲ್ಲಾ ಕಡೆ 17! ಜೊತೆಗೆ ಒಂದು ಸಾಲು ತಲೆಕೆಳಗು. ಈ ಲೆಕ್ಕ ತಪ್ಪಿದರೆ ಇಡೀ ಹಾಳೆ ರದ್ದಿಗೆ.

ಇನ್ನೂ ಒಂದು ವಿಷಯ ಇದೆ. ಇಡೀ ಪುಸ್ತಕಕ್ಕೆ ಆಗುವಷ್ಟು ಮೊಳೆ ಸಾಮಾನ್ಯವಾಗಿ ಯಾರ ಹತ್ತಿರವೂ ಇರುತ್ತಿರಲಿಲ್ಲ. ಮದುವೆಮನೆಯಲ್ಲಿ ಒಂದು ಪಂಕ್ತಿ ಎದ್ದ ಮೇಲೆ ಲೋಟ ತೊಳೆದು ಮುಂದಿನ ಪಂಕ್ತಿಗೆ ಇಡುವ ಹಾಗೆ, ಒಂದು ಹಾಳೆ ಅಚ್ಚಾದ ಮೇಲೆ ಮೊಳೆ ಬಿಚ್ಚಿ, ತೊಳೆದು, ಅದರದರ ಖಾನೆಗೆ ಹಾಕಿದರೇ ಮುಂದಿನ ಹಾಳೆ. ಎಲ್ಲೋ ಒಂದು ಕಡೆ ಕೆಲಸ ನಿಂತರೆ ಎಲ್ಲಾ ನಿಂತಂತೆ. ಅತ್ತ ಕಾಗದ ಒದ್ದೆ ಮಾಡಬೇಕು, ಅಚ್ಚಾದದ್ದನ್ನು ಹಗ್ಗಕ್ಕೆ ಹಾಕಿ ಒಣಗಿಸಬೇಕು. ಕರಡು ತಿದ್ದಬೇಕು, ಸಾಲ ವಸೂಲಿ ಮಾಡಬೇಕು. ಅಚ್ಚುಮನೆ ಅಂದರೆ ನಿಜಕ್ಕೂ ಮನೆಯೇ. ಕೆಲಸ ಕಲಿಯುವ ಹುಡುಗರು ಸಾಮಾನ್ಯವಾಗಿ ಏಳು ವರ್ಷ ಯಜಮಾನನ ಮನೆಯಲ್ಲೇ ಇದ್ದು ಊಟ ಮಾಡುತ್ತಿದ್ದರು. ಇಂಥ ಮನೆಯ ಯಜಮಾನಿಗೆ ಕಸುಬು ಗೊತ್ತಿರಲಿಲ್ಲ ಅಂದರೆ ನಂಬುವುದು ಹೇಗೆ?

ಹಾಗಾದರೆ ಹೆಸರು ಯಾಕಿಲ್ಲ? ಕಾರಣ ಕಾನೂನು. ಮದುವೆಯಾದ ಹೆಂಗಸಿಗೆ ಸಾಮಾನ್ಯವಾಗಿ ತನ್ನ ಹೆಸರಿನಲ್ಲಿ ಆಸ್ತಿ, ಕರಾರು ಇರುವಂತಿರಲಿಲ್ಲ. ಎಲ್ಲಾ ಗಂಡನದೇ. ಗಂಡ ಸತ್ತರೆ ಮಾತ್ರ ಬಾಗಿಲು ತೆರೆಯುತ್ತಿತ್ತು. ಲಂಡನ್ನಿನಲ್ಲಿ ವಿಧವೆ ಗಂಡನ ಕಸುಬು ಮುಂದುವರಿಸಬಹುದಿತ್ತು. 1557ರಲ್ಲಿ ರಾಜಮನ್ನಣೆ ಪಡೆದ ಸ್ಟೇಷನರ್ಸ್ ಕಂಪನಿ, ಅಂದರೆ ಅಚ್ಚಿನವರ, ಪುಸ್ತಕ ಮಾರುವವರ ಸಂಘ, ಇದೇ ಪದ್ಧತಿಯನ್ನು ಉಳಿಸಿಕೊಂಡಿತು. ಮತ್ತೆ ಮದುವೆಯಾದಳೋ, ಬಾಗಿಲು ಮುಚ್ಚಿತು.

ಎಲಿಜಬೆತ್ ಪಿಕರಿಂಗ್ ಅವರನ್ನೇ ನೋಡಿ. ಗಂಡ ರಾಬರ್ಟ್ ರೆಡ್‌ಮನ್ 1540ರಲ್ಲಿ ತೀರಿಕೊಂಡ. ಫ್ಲೀಟ್ ಸ್ಟ್ರೀಟಿನ ಅಚ್ಚುಮನೆಯಿಂದ ತನ್ನದೇ ಹೆಸರಿನಲ್ಲಿ ಪುಸ್ತಕ ತಂದರು. ಹೆಚ್ಚಿನವು ಕಾನೂನಿನ ಪುಸ್ತಕಗಳು. ಇಂಗ್ಲೆಂಡಿನಲ್ಲಿ ಹೀಗೆ ಹೆಸರು ಹಾಕಿಕೊಂಡ ಮೊದಲ ಹೆಂಗಸು ಎಂದು ಗೊತ್ತಿರುವುದು ಇವರೇ. ಮತ್ತೆ ಮದುವೆಯಾದರು, ಅಚ್ಚುಮನೆ ಬೇರೆಯವರ ಕೈಗೆ ಹೋಯಿತು, ಹೆಸರೂ ಹೋಯಿತು. ಜಾಕ್ವೆಲಿನ್ ವೊಟ್ರೊಲಿಯರ್ ವಿಧವೆಯಾದದ್ದು 1587ರಲ್ಲಿ. ಅಚ್ಚು ಹಾಕಬಾರದೆಂದು ಸಂಘವೇ ಅಡ್ಡ ಬಂತು. ಆದರೂ ಬಿಡದೆ 1588ರಲ್ಲಿ ಪುಸ್ತಕ ತಂದರು. ಮುಂದಿನ ವರ್ಷ, ಗಂಡನ ಬಳಿ ಕೆಲಸ ಕಲಿತಿದ್ದ ರಿಚರ್ಡ್ ಫೀಲ್ಡ್‌ನನ್ನು ಮದುವೆಯಾದರು. 1593ರಲ್ಲಿ ಶೇಕ್ಸ್‌ಪಿಯರನ ‘ವೀನಸ್ ಅಂಡ್ ಅಡೋನಿಸ್’ ಅಚ್ಚಾದದ್ದು ಈ ಮನೆಯಿಂದಲೇ. ಪುಟದಲ್ಲಿರುವುದು ಫೀಲ್ಡ್ ಹೆಸರು ಮಾತ್ರ.

ಇದೆಲ್ಲ ನನ್ನ ಊಹೆ ಅನ್ನುವವರಿಗೆ ಟೇಸ್ ಸೋಲ್ ಕಥೆ ಸಾಕು. ಲಂಡನ್ನಿನಲ್ಲಿ ಕ್ವೇಕರ್ ಪಂಥದವರ ಪುಸ್ತಕಗಳನ್ನು ಅಚ್ಚು ಹಾಕುತ್ತಿದ್ದ ಆಂಡ್ರ್ಯೂ ಸೋಲ್ ಅವರ ಮಗಳು. 1691ರಲ್ಲಿ ಅಪ್ಪನ ಅಚ್ಚುಮನೆ ವಹಿಸಿಕೊಂಡರು. ಆಗ ಮದುವೆ ಆಗಿರಲಿಲ್ಲ, ಹಾಗಾಗಿ ಪುಟದ ಮೇಲೆ ಅವರದೇ ಹೆಸರು. ಪುಸ್ತಕ ವ್ಯಾಪಾರಿ ಜಾನ್ ಡಂಟನ್ 1705ರಲ್ಲಿ ಬರೆದ ಮಾತು ಸ್ಪಷ್ಟವಾಗಿದೆ: ಈಕೆಗೆ ಕಸುಬು ಚೆನ್ನಾಗಿ ಗೊತ್ತು, ಸ್ವತಃ ಒಳ್ಳೆಯ ಕಂಪೋಸಿಟರ್, ಅಂದರೆ ಮೊಳೆ ಜೋಡಿಸುವವಳು. 1706ರಲ್ಲಿ ಮದುವೆಯಾದರು. ಗಂಡ ಅಚ್ಚಿನ ಕಸುಬಿನವನಲ್ಲ. ಆಮೇಲೆ ಪುಟದ ಮೇಲೆ ಬಂದದ್ದು ‘ಜೆ. ಸೋಲ್’, ಅಂದರೆ ತಾಯಿ ಜೇನ್ ಹೆಸರು! 1711ರಲ್ಲಿ ತಾಯಿ ಹೋದ ಮೇಲೂ ಅದೇ ಹೆಸರಿನ ನೆರಳಿನಲ್ಲೇ ವರ್ಷಗಟ್ಟಲೆ ನಡೆಯಿತು. ಅಚ್ಚುಮನೆ ಅದೇ, ಕೆಲಸ ನಡೆಸುವ ಕೈ ಅದೇ, ಹೆಸರು ಮಾತ್ರ ಮಾಯ. 1749ರಲ್ಲಿ ತೀರಿಕೊಳ್ಳುವವರೆಗೂ ಟೇಸ್ ಈ ಕಸುಬು ಬಿಡಲಿಲ್ಲ.

ಟೇಸ್ ಅವರ ಅಕ್ಕತಂಗಿಯರಲ್ಲಿ ಒಬ್ಬರಾದ ಎಲಿಜಬೆತ್, ಅಪ್ಪನ ಬಳಿ ಕೆಲಸ ಕಲಿತ ವಿಲಿಯಂ ಬ್ರಾಡ್‌ಫರ್ಡನನ್ನು ಮದುವೆಯಾಗಿ ಅಮೆರಿಕಕ್ಕೆ ಹೋದರು. ಅಲ್ಲೂ ಇದೇ ಕಥೆ. ಮೇರಿಲ್ಯಾಂಡಿನ ಡೈನಾ ನಟ್‌ಹೆಡ್ 1696ರಲ್ಲಿ ಅಚ್ಚುಮನೆಗೆ ಪರವಾನಗಿ ಪಡೆದಾಗ ಮುಚ್ಚಳಿಕೆಗೆ ಸಹಿ ಹಾಕಲಿಲ್ಲ, ಗುರುತು ಹಾಕಿದರು. ಬರೆಯಲು ಬರುತ್ತಿರಲಿಲ್ಲ. ಆದರೂ ಅಚ್ಚುಮನೆ ನಡೆಸಲು ಹೊರಟರು, ಇದು ನನಗೆ ತುಂಬಾ ಇಷ್ಟ.

ಲೆಕ್ಕದಲ್ಲಿ ಗಟ್ಟಿ ಅಂದರೆ ಚಾರ್ಲ್‌ಸ್ಟನ್ನಿನ ಎಲಿಜಬೆತ್ ಟಿಮೊಥಿ. ಗಂಡ ಲೂಯಿಸ್, ಬೆಂಜಮಿನ್ ಫ್ರಾಂಕ್ಲಿನ್ ಜೊತೆ ಪಾಲುದಾರಿಕೆಯಲ್ಲಿ ‘ಸೌತ್ ಕ್ಯಾರೊಲಿನಾ ಗೆಜೆಟ್’ ನಡೆಸುತ್ತಿದ್ದ. 1738ರ ಡಿಸೆಂಬರಿನಲ್ಲಿ ತೀರಿಕೊಂಡ. ಮನೆತುಂಬ ಮಕ್ಕಳು, ಹೆರಿಗೆ ಬೇರೆ ಹತ್ತಿರ. ಪತ್ರಿಕೆಗೆ ಹೆಸರು ದೊಡ್ಡ ಮಗ ಪೀಟರನದು, ಇನ್ನೂ ಚಿಕ್ಕ ಹುಡುಗ. ನಡೆಸಿದ್ದು ಅವ್ವ. ಗಂಡನಿಂದ ಸರಿಯಾದ ಲೆಕ್ಕ ಒಮ್ಮೆಯೂ ಸಿಗಲಿಲ್ಲ, ಹೆಂಡತಿ ಮೂರು ತಿಂಗಳಿಗೊಮ್ಮೆ ಚಾಚೂ ತಪ್ಪದೆ ಕಳಿಸಿದಳು ಎಂದು ಫ್ರಾಂಕ್ಲಿನ್ ತನ್ನ ಆತ್ಮಕಥೆಯಲ್ಲಿ ಬರೆದಿದ್ದಾನೆ. ಆಕೆ ಬೆಳೆದದ್ದು ಹಾಲೆಂಡಿನಲ್ಲಿ, ಅಲ್ಲಿ ಹೆಣ್ಣುಮಕ್ಕಳಿಗೆ ಲೆಕ್ಕ ಬರೆಯುವುದನ್ನು ಕಲಿಸುತ್ತಿದ್ದರು ಎಂದೂ ಸೇರಿಸುತ್ತಾನೆ. ಕರಾರಿನ ಅವಧಿ ಮುಗಿದಾಗ ಎಲಿಜಬೆತ್ ಫ್ರಾಂಕ್ಲಿನ್‌ನಿಂದ ಅಚ್ಚುಮನೆಯನ್ನೇ ಕೊಂಡುಕೊಂಡು ಮಗನಿಗೆ ಕೊಟ್ಟರು.