ವೈಫೈ ಗುರುತು ಪೂರ್ತಿ ಇದ್ದರೂ ಇಂಟರ್ನೆಟ್ ಬಾರದಿರುವುದೇಕೆ?

ಪ್ರಶ್ನೆ: ನಮ್ಮದು ತಿಪಟೂರು ತಾಲ್ಲೂಕಿನ ಒಂದು ಹಳ್ಳಿ. ಮನೆಗೆ ಫೈಬರ್ ಸಂಪರ್ಕ ಹಾಕಿಸಿದ್ದೇವೆ. ಫೋನಿನಲ್ಲಿ ವೈಫೈ ಗುರುತು ಪೂರ್ತಿ ಕಾಣುತ್ತಿರುವಾಗಲೂ ಎಷ್ಟೋ ಸಲ ಇಂಟರ್ನೆಟ್ ಬರುವುದಿಲ್ಲ. ರೂಟರ್ ಹಳೆಯದಾಗಿದೆ, ಹೊಸದು ತೆಗೆದುಕೊಳ್ಳಿ ಎನ್ನುತ್ತಾರೆ. ತೆಗೆದುಕೊಳ್ಳಬೇಕೆ? ಅಷ್ಟಕ್ಕೂ ಈ ರೂಟರ್ ಮಾಡುವ ಕೆಲಸವಾದರೂ ಏನು?

ಉತ್ತರ: ಹೊಸ ರೂಟರಿಗೆ ದುಡ್ಡು ಕೊಡುವ ಮೊದಲು ಒಂದು ಸಂಗತಿ ಸ್ಪಷ್ಟವಾಗಬೇಕು. ಫೋನಿನ ಮೇಲ್ತುದಿಯಲ್ಲಿ ಕಾಣುವ ವೈಫೈ ಗುರುತು, ನಿಮ್ಮ ಫೋನಿಗೂ ನಡುಮನೆಯ ಗೋಡೆಯ ಮೇಲಿರುವ ಪೆಟ್ಟಿಗೆಗೂ ನಡುವಿನ ರೇಡಿಯೊ ಸಂಪರ್ಕ ಎಷ್ಟು ಬಲವಾಗಿದೆ ಎಂಬುದನ್ನು ಮಾತ್ರ ತಿಳಿಸುತ್ತದೆ. ಆ ಪೆಟ್ಟಿಗೆಯಿಂದ ಹೊರಟು, ಕಂಬದಿಂದ ಕಂಬಕ್ಕೆ ಸಾಗಿ, ಸಂಪರ್ಕ ಕೊಟ್ಟ ಕಂಪನಿಯ ಕೇಂದ್ರವನ್ನು ಮುಟ್ಟುವ ದಾರಿ ಸರಿಯಾಗಿದೆಯೇ ಇಲ್ಲವೇ ಎಂಬುದು ಆ ಗುರುತಿನಿಂದ ಗೊತ್ತಾಗುವುದಿಲ್ಲ. ನೀವು ವಿವರಿಸಿರುವ ಲಕ್ಷಣಕ್ಕೆ ಕಾರಣವನ್ನು ಮೊದಲು ಹುಡುಕಬೇಕಾದದ್ದು ಆ ಹೊರಗಿನ ದಾರಿಯಲ್ಲಿ.

ರೂಟರ್ ಎಂಬುದು ಎರಡು ಬೇರೆ ಬೇರೆ ಜಾಲಗಳ ಗಡಿಯಲ್ಲಿ ಕುಳಿತಿರುವ ಸಾಧನ. ಒಂದು ಕಡೆ ಮನೆಯ ಫೋನು, ಟಿವಿ, ಲ್ಯಾಪ್‌ಟಾಪ್, ಪ್ರಿಂಟರುಗಳು ಸೇರಿ ಆದ ಸಣ್ಣ ಜಾಲ. ಇನ್ನೊಂದು ಕಡೆ ಕಂಪನಿಯ ಜಾಲ, ಅದರ ಮೂಲಕ ಇಡೀ ಇಂಟರ್ನೆಟ್. ಎರಡರ ನಡುವೆ ಹೋಗಿಬರುವ ಮಾಹಿತಿಯ ಪ್ರತಿಯೊಂದು ತುಣುಕನ್ನೂ ನೋಡಿ, ಇದು ಎತ್ತ ಹೋಗಬೇಕು ಎಂದು ತೀರ್ಮಾನಿಸುವುದೇ ರೂಟರಿನ ಮೂಲ ಕೆಲಸ. ಇಂದು ಫೈಬರ್ ಸಂಪರ್ಕದೊಡನೆ ಬರುವ ಪೆಟ್ಟಿಗೆಯಲ್ಲಿ ಇದಲ್ಲದೆ ಇನ್ನೆರಡು ಸಾಧನಗಳೂ ಅಡಗಿರುತ್ತವೆ: ಗಾಜಿನ ಎಳೆಯಲ್ಲಿ ಬರುವ ಬೆಳಕನ್ನು ವಿದ್ಯುತ್ ಸಂಕೇತವಾಗಿ ಬದಲಿಸುವ ಓಎನ್‌ಟಿ ಒಂದು, ವೈಫೈ ಅಲೆಗಳನ್ನು ಹೊಮ್ಮಿಸುವ ರೇಡಿಯೊ ಇನ್ನೊಂದು. ಮೂರನ್ನೂ ಸೇರಿಸಿ ನಾವು ರೂಟರ್ ಎಂದೇ ಕರೆಯುತ್ತೇವೆ. ಹೆಸರು ಹೀಗೆ ಒಂದಾಗಿರುವುದರಿಂದಲೇ, ಯಾವ ಭಾಗ ಕೆಟ್ಟರೂ ಪೂರ್ತಿ ಪೆಟ್ಟಿಗೆಯ ಮೇಲೆ ಅನುಮಾನ ಬರುತ್ತದೆ.

ಫೋನು ವೈಫೈಗೆ ಸೇರಿದ ಕೂಡಲೇ ರೂಟರ್ ಅದಕ್ಕೊಂದು ಐಪಿ ವಿಳಾಸವನ್ನು, ಎಂದರೆ ಜಾಲದಲ್ಲಿ ಅದನ್ನು ಗುರುತಿಸುವ ಸಂಖ್ಯೆಯನ್ನು, ಹಂಚುತ್ತದೆ. ಇದಕ್ಕೆ ಡಿಎಚ್‌ಸಿಪಿ ಎಂದು ಹೆಸರು. ಈ ವಿಳಾಸ ಸಾಮಾನ್ಯವಾಗಿ 192.168 ಎಂದು ಆರಂಭವಾಗುತ್ತದೆ. ನಿಮ್ಮ ಫೋನಿಗೆ ಸಿಕ್ಕ 192.168.1.5 ಎಂಬ ವಿಳಾಸವೇ ಪಕ್ಕದ ಮನೆಯ ಟಿವಿಗೂ ಸಿಕ್ಕಿರಬಹುದು, ಗುಬ್ಬಿಯ ಅಂಗಡಿಯೊಂದರ ಕಂಪ್ಯೂಟರಿಗೂ ಸಿಕ್ಕಿರಬಹುದು. ಮನೆಯೊಳಗೆ ಮಾತ್ರ ನಡೆಯುವ ವಿಳಾಸಗಳೆಂದು ಇವನ್ನು 1996ರಲ್ಲೇ ಮೀಸಲಿಟ್ಟಿದ್ದಾರೆ. ಇಂಟರ್ನೆಟ್ಟಿನಲ್ಲಿ ಇವುಗಳಿಗೆ ಬೆಲೆಯಿಲ್ಲ. ಹಳೆಯ ಐಪಿ ಪದ್ಧತಿಯಲ್ಲಿ ಒಟ್ಟು ಸಾಧ್ಯವಿರುವುದು ಸುಮಾರು 429 ಕೋಟಿ ವಿಳಾಸಗಳು. ಜಗತ್ತಿನ ಎಲ್ಲ ಸಾಧನಗಳಿಗೂ ಒಂದೊಂದನ್ನು ಕೊಡಲು ಅಷ್ಟು ಸಾಲದು. ಜಗತ್ತಿನ ಆಯಾ ಭಾಗಗಳಲ್ಲಿ ವಿಳಾಸ ಕೊಡುವ ಪ್ರಾದೇಶಿಕ ಸಂಸ್ಥೆಗಳಿಗೆ ಹಂಚಲು ಉಳಿದಿದ್ದ ಕೊನೆಯ ವಿಳಾಸಗುಚ್ಛಗಳು 2011ರ ಫೆಬ್ರವರಿಯಲ್ಲಿಯೇ ಖಾಲಿಯಾದವು.

ಹಾಗಾದರೆ ಬೆಲೆಯಿಲ್ಲದ ವಿಳಾಸವುಳ್ಳ ಫೋನು ಹೊರಜಗತ್ತಿನೊಡನೆ ವ್ಯವಹರಿಸುವುದು ಹೇಗೆ? ರೂಟರಿನ ಅತ್ಯಂತ ಮುಖ್ಯವಾದ ಕೆಲಸ ಇರುವುದು ಇಲ್ಲಿ. ತೋಟದ ಮನೆಗಳಿಗೆ ಬರುವ ಪತ್ರಗಳು ಊರಿನ ಕಿರಾಣಿ ಅಂಗಡಿಯ ಕೇರಾಫ್ ವಿಳಾಸಕ್ಕೆ ಬಂದು, ಅಂಗಡಿಯವರು ಹೆಸರು ನೋಡಿ ಆಯಾ ಮನೆಯವರಿಗೆ ಕೊಡುವ ರೂಢಿಯಂತೆ, ಮನೆಯ ಎಲ್ಲ ಸಾಧನಗಳ ಪರವಾಗಿ ರೂಟರ್ ತನ್ನ ಒಂದೇ ಹೊರವಿಳಾಸವನ್ನು ಮುಂದೊಡ್ಡುತ್ತದೆ. ನಿಮ್ಮ ಮಗಳು ಲ್ಯಾಪ್‌ಟಾಪಿನಲ್ಲಿ ಪಾಠದ ವಿಡಿಯೊ ತೆರೆದಾಗ, ಆ ಕೋರಿಕೆಯ ಮೇಲಿದ್ದ ಒಳವಿಳಾಸವನ್ನು ತೆಗೆದು, ತನ್ನ ಹೊರವಿಳಾಸವನ್ನೂ ಒಂದು ಪೋರ್ಟ್ ಸಂಖ್ಯೆಯನ್ನೂ ಹಾಕಿ, ಈ ಸಂಖ್ಯೆಗೆ ಬರುವ ಉತ್ತರ ಲ್ಯಾಪ್‌ಟಾಪಿಗೆ ಸೇರಿದ್ದು ಎಂದು ತನ್ನ ನೆನಪಿನ ಪಟ್ಟಿಯಲ್ಲಿ ಬರೆದುಕೊಳ್ಳುತ್ತದೆ. ಉತ್ತರ ಬಂದಾಗ ಪಟ್ಟಿ ನೋಡಿ ಒಳಗೆ ತಲುಪಿಸುತ್ತದೆ. ಇದಕ್ಕೆ ನ್ಯಾಟ್ ಎನ್ನುತ್ತಾರೆ. ಒಳಗಿನವರು ಯಾರೂ ಕೇಳದೆ ಹೊರಗಿನಿಂದ ತಾನಾಗಿ ಬಂದದ್ದಕ್ಕೆ ಪಟ್ಟಿಯಲ್ಲಿ ನಮೂದು ಇರುವುದಿಲ್ಲವಾದ್ದರಿಂದ ಅದನ್ನು ಸಾಮಾನ್ಯವಾಗಿ ಅಲ್ಲಿಯೇ ಬಿಟ್ಟುಬಿಡುತ್ತದೆ; ಇದರಿಂದ ಮನೆಯ ಸಾಧನಗಳಿಗೆ ಒಂದು ಮಟ್ಟದ ರಕ್ಷಣೆಯೂ ಸಿಗುತ್ತದೆ.

ತೆಂಗಿನ ತೋಟದಲ್ಲಿ ಕ್ಯಾಮೆರಾ ಹಾಕಿಸಿ ಅದನ್ನು ಪಟ್ಟಣದಿಂದ ನೋಡಬೇಕೆನ್ನುವವರಿಗೆ ಇಲ್ಲೊಂದು ತೊಡಕಿದೆ. ಎಷ್ಟೋ ಕಂಪನಿಗಳು ಈಗ ಅನೇಕ ಮನೆಗಳನ್ನು ಒಂದೇ ಹೊರವಿಳಾಸದ ಹಿಂದೆ ಇರಿಸುತ್ತವೆ. ಬ್ರೌಸರಿನಲ್ಲಿ ತೆರೆಯುವ ರೂಟರಿನ ಪುಟದಲ್ಲಿ (ತೆರೆಯುವ ಬಗೆ ಮುಂದೆ ಇದೆ) ಕಾಣುವ ಹೊರವಿಳಾಸ 100.64ರಿಂದ 100.127ರ ನಡುವಿನದಾಗಿದ್ದರೆ ನಿಮ್ಮದೂ ಅಂಥ ಸಂಪರ್ಕವೇ. ಆಗ ಹೊರಗಿನಿಂದ ನೇರವಾಗಿ ಕ್ಯಾಮೆರಾಕ್ಕೆ ದಾರಿ ತೆರೆಯಲು ರೂಟರಿನಲ್ಲಿ ಏನು ಬದಲಿಸಿದರೂ ಫಲವಿಲ್ಲ. ಕ್ಯಾಮೆರಾ ತಾನೇ ಹೊರಗಿನ ಸರ್ವರಿಗೆ ಸಂಪರ್ಕಿಸುವ ಬಗೆಯದನ್ನು ಕೊಳ್ಳುವುದು ಮೇಲು.

ಈಗ ನಿಮ್ಮ ತೊಂದರೆಗೆ ಬರೋಣ. ಇಂಟರ್ನೆಟ್ ನಿಂತಾಗ ಫೋನಿನ ಮೊಬೈಲ್ ಡೇಟಾ ಆರಿಸಿ, ವೈಫೈನಲ್ಲಿಯೇ ಇದ್ದು, ಬ್ರೌಸರಿನಲ್ಲಿ 192.168.1.1 ಎಂದೋ ಅಥವಾ ರೂಟರಿನ ಅಡಿಯ ಚೀಟಿಯಲ್ಲಿ ಮುದ್ರಿಸಿರುವ ವಿಳಾಸವನ್ನೋ ಬರೆದು ನೋಡಿ. ರೂಟರಿನ ಲಾಗಿನ್ ಪುಟ ತೆರೆದುಕೊಂಡರೆ ಮನೆಯ ಕಡೆಯ ಜಾಲ ನೆಟ್ಟಗಿದೆ ಎಂದರ್ಥ. ಮುಂದೆ ಪೆಟ್ಟಿಗೆಯ ದೀಪಗಳನ್ನು ನೋಡಬೇಕು. ಪಾನ್ ಎಂಬ ದೀಪ ಸಾಮಾನ್ಯವಾಗಿ ಹಸಿರಾಗಿ ಸ್ಥಿರವಾಗಿರಬೇಕು. ಅದು ಮಿಣುಕುತ್ತಿದ್ದರೆ ರೂಟರ್ ಕೇಂದ್ರವನ್ನು ಸೇರಲು ಇನ್ನೂ ಪ್ರಯತ್ನಿಸುತ್ತಿದೆ. ಎಲ್‌ಓಎಸ್ ಎಂಬ ದೀಪ ಕೆಂಪಾಗಿದ್ದರೆ ಬೆಳಕೇ ಬರುತ್ತಿಲ್ಲ. ಗೋಡೆಯ ಬಳಿ ಹಳದಿ ತಂತಿ ಮಡಿಚಿಕೊಂಡಿದೆಯೇ, ಅದರ ಮೇಲೆ ಬೀರುವನ್ನೋ ಮಂಚವನ್ನೋ ಒತ್ತರಿಸಿದ್ದಾರೆಯೇ ಎಂದು ಮೊದಲು ನೋಡಿ, ಏಕೆಂದರೆ ತಂತಿಯೊಳಗಿನ ಗಾಜಿನ ಎಳೆಯಲ್ಲಿ ಬೆಳಕು ಸಾಗುವ ನಡುಭಾಗ ಸುಮಾರು 9 ಮೈಕ್ರಾನ್ ಅಗಲದ್ದು ಮಾತ್ರ; ತಂತಿ ಕಡಿಯದಿದ್ದರೂ ಬಿಗಿಯಾಗಿ ಬಾಗಿದರೆ ಸಾಕು, ಬೆಳಕು ಸೋರಿಹೋಗುತ್ತದೆ. ಕಳಚಿದ ತುದಿಯೊಳಗೆ ಇಣುಕಬೇಡಿ: ಅದರಲ್ಲಿರುವುದು ಕಣ್ಣಿಗೆ ಕಾಣದ ಲೇಸರ್.

ಒಳಗೆಲ್ಲ ಸರಿಯಿದ್ದರೆ ಹೊರಗೆ ಬನ್ನಿ. ನಿಮ್ಮ ಭಾಗದಲ್ಲಿ ಕಂಬದಿಂದ ಮನೆಗೆ ಬರುವ ತಂತಿ ತೆಂಗಿನ ಮರಗಳ ಅಡಿಯಲ್ಲೇ ಹಾದುಬಂದಿರುವುದು ಅಪರೂಪವಲ್ಲ. ಒಣಗಿದ ಗರಿಯೊಂದು ಮಟ್ಟೆಸಮೇತ ಬಿದ್ದರೆ ಆ ತೆಳುವಾದ ತಂತಿ ತಡೆಯುವುದಿಲ್ಲ. ಪಕ್ಕದ ಮನೆಯವರದ್ದೂ ಅದೇ ಕಂಪನಿಯ ಸಂಪರ್ಕವಾಗಿದ್ದರೆ ಅವರನ್ನು ಕೇಳಿ. ಒಂದೇ ಎಳೆಯ ಬೆಳಕನ್ನು ಕಂಬದ ಮೇಲಿನ ಪೆಟ್ಟಿಗೆಯಲ್ಲಿ ಹಲವು ಮನೆಗಳಿಗೆ ಒಡೆದು ಹಂಚಿರುವುದರಿಂದ, ಅವರಿಗೂ ನಿಂತಿದ್ದರೆ ದೋಷ ಬಹುತೇಕ ಮುಖ್ಯ ತಂತಿಯಲ್ಲಿದೆ. ನಿಮ್ಮದೊಂದೇ ನಿಂತಿದ್ದರೆ ನಿಮ್ಮ ಮನೆಗೆ ಕವಲೊಡೆದ ತಂತಿಯನ್ನು ನೋಡಬೇಕು. ಈ ಎರಡರಲ್ಲಿ ದೋಷ ಎಲ್ಲಿದ್ದರೂ ಹೊಸ ರೂಟರ್ ತಂದು ಪ್ರಯೋಜನವಿಲ್ಲ.

ದೀಪಗಳೆಲ್ಲ ಹಸಿರಾಗಿದ್ದೂ ಯಾವ ಪುಟವೂ ತೆರೆಯದಿದ್ದರೆ ಒಮ್ಮೆ ಸ್ವಿಚ್ ಆರಿಸಿ, ಅರ್ಧ ನಿಮಿಷ ಬಿಟ್ಟು ಹಾಕಿ. ನೆನಪಿನ ಪಟ್ಟಿ ಅಳಿದು, ರೂಟರ್ ಕಂಪನಿಯ ಕೇಂದ್ರಕ್ಕೆ ಹೊಸದಾಗಿ ಲಾಗಿನ್ ಆಗುವುದರಿಂದ ಎಷ್ಟೋ ಸಲ ಸರಿಹೋಗುತ್ತದೆ. ಆದರೆ ಹಿಂಬದಿಯ ಸಣ್ಣ ರಂಧ್ರಕ್ಕೆ ಪಿನ್ನು ಚುಚ್ಚಿ ರೀಸೆಟ್ ಮಾಡಲು ಮಾತ್ರ ಹೋಗಬೇಡಿ. ಕಂಪನಿ ನಿಮಗಾಗಿ ತುಂಬಿಸಿದ ಯೂಸರ್ ನೇಮ್, ಪಾಸ್‌ವರ್ಡ್‌ಗಳು ಅದರಿಂದ ಅಳಿದುಹೋಗಬಹುದು. ಹಾಗಾದರೆ ಸಣ್ಣ ದೋಷವೊಂದು ಲೈನ್‌ಮನ್ ಬರುವವರೆಗೆ ಕಾಯಬೇಕಾದ ದೋಷವಾಗುತ್ತದೆ.

ಇದಕ್ಕೆ ತಿರುಗುಮುರುಗಾದ ಸ್ಥಿತಿಯೂ ಉಂಟು: ದೀಪಗಳು ಹಸಿರು, ನಡುಮನೆಯಲ್ಲಿ ಎಲ್ಲ ಸರಿ, ಹಿತ್ತಿಲ ಕೋಣೆಯಲ್ಲಿ ಮಾತ್ರ ಗುರುತು ಒಂದೇ ಗೆರೆಗೆ ಇಳಿಯುತ್ತದೆ. ದಪ್ಪ ಮಣ್ಣಿನ ಗೋಡೆ, ಕಲ್ಲು ಚಪ್ಪಡಿಗಳಿರುವ ಹಳೆಯ ಮನೆಗಳಲ್ಲಿ ಇದು ಸಹಜ. 5 ಗಿಗಾಹರ್ಟ್ಸ್ ಅಲೆಗಳು ವೇಗ ಹೆಚ್ಚು ಕೊಡುತ್ತವೆ, ಆದರೆ ಗೋಡೆ ದಾಟುವುದರಲ್ಲಿ 2.4 ಗಿಗಾಹರ್ಟ್ಸ್ ಅಲೆಗಳೇ ಮೇಲು. ರೂಟರನ್ನು ಮೂಲೆಯಿಂದ ಮನೆಯ ನಡುವಿಗೆ ಸರಿಸಿಯೂ ಸಾಲದಿದ್ದರೆ, ಹಿತ್ತಿಲ ಕೋಣೆಗೆ ಕೇಬಲ್ ಎಳೆಸಿ ಇನ್ನೊಂದು ವೈಫೈ ಸಾಧನ ಇಡಬಹುದು.

ಹೊಸ ರೂಟರಿಗೆ ನಿಜವಾದ ಕಾರಣಗಳೂ ಇವೆ. ದೀಪಗಳು ತಾವಾಗಿ ಆರಿ ಹತ್ತುತ್ತಿದ್ದರೆ ಮೊದಲು ಅಡಾಪ್ಟರ್ ಬದಲಿಸಿ ನೋಡಿ, ಅದಾದ ಮೇಲೂ ಹಾಗೇ ಆದರೆ ಪೆಟ್ಟಿಗೆಯನ್ನು ಬದಲಿಸಿ. ತಯಾರಕರು ಸಾಫ್ಟ್‌ವೇರ್ ತಿದ್ದುಪಡಿ ಕೊಡುವುದನ್ನು ನಿಲ್ಲಿಸಿದ್ದರೂ ಬದಲಿಸುವುದು ಸರಿ. 2016ರಲ್ಲಿ ಮಿರಾಯ್ ಎಂಬ ದುಷ್ಟ ತಂತ್ರಾಂಶವು ಕಾರ್ಖಾನೆಯ ಪಾಸ್‌ವರ್ಡನ್ನೇ ಉಳಿಸಿಕೊಂಡಿದ್ದ ಲಕ್ಷಾಂತರ ಕ್ಯಾಮೆರಾ, ರೂಟರುಗಳನ್ನು ವಶಪಡಿಸಿಕೊಂಡಿತ್ತು. ಆದ್ದರಿಂದ ಹಳೆಯದಿರಲಿ, ಹೊಸದಿರಲಿ, ರೂಟರಿನ ಪುಟಕ್ಕೆ ಹೋಗುವ ಪಾಸ್‌ವರ್ಡನ್ನು ಇಂದೇ ಬದಲಿಸಿ. ಅದು ವೈಫೈ ಪಾಸ್‌ವರ್ಡಿಗಿಂತ ಬೇರೆಯದು ಎಂಬುದನ್ನು ಮರೆಯಬೇಡಿ.

ಮುಂದಿನ ಸಲ ದೂರು ಕೊಡುವಾಗ, ನೆಟ್ ಬರುತ್ತಿಲ್ಲ ಎಂದಷ್ಟೇ ಹೇಳದೆ, ಎಲ್‌ಓಎಸ್ ಕೆಂಪಾಗಿದೆ, ಪಕ್ಕದ ಮನೆಯವರಿಗೆ ಬರುತ್ತಿದೆ ಎಂದು ತಿಳಿಸಿ. ಹಾಗೆ ಹೇಳಿದರೆ ಲೈನ್‌ಮನ್ ಫೈಬರ್ ಜೋಡಿಸುವ ಯಂತ್ರವನ್ನು ಜೊತೆಯಲ್ಲೇ ತರುತ್ತಾರೆ.