ಎಂಡಿಆರ್: ಹಳೆಯ ವಟ್ಟಕ್ಕೆ ಬಂದ ಹೊಸ ಹೆಸರು

ಮೊಬೈಲ್ ಫೋನ್ ಮಾರುವ ಒಂದು ಚಿಕ್ಕ ಅಂಗಡಿಗೆ ಬಂದ ಗಿರಾಕಿಯೊಬ್ಬರು 20,000 ರೂಪಾಯಿಯ ಫೋನ್ ಆರಿಸಿ ಕ್ರೆಡಿಟ್ ಕಾರ್ಡ್ ಕೊಡುತ್ತಾರೆ ಎಂದಿಟ್ಟುಕೊಳ್ಳೋಣ. ಸ್ವೈಪ್ ಯಂತ್ರದಿಂದ ಹೊರಬರುವ ಚೀಟಿಯಲ್ಲಿ 20,000 ಎಂದೇ ಇರುತ್ತದೆ, ಗಿರಾಕಿಯ ಮೊಬೈಲಿಗೆ ಬರುವ ಸಂದೇಶದಲ್ಲೂ ಅಷ್ಟೇ ಇರುತ್ತದೆ. ಮರುದಿನ ಅಂಗಡಿಯವರ ಚಾಲ್ತಿ ಖಾತೆಗೆ ಜಮೆಯಾಗುವುದು ಮಾತ್ರ 19,528 ರೂಪಾಯಿ. ನಡುವೆ ಮುರಿದುಕೊಂಡ 472 ರೂಪಾಯಿಯಲ್ಲಿ 400 ರೂಪಾಯಿ ಎಂಡಿಆರ್, ಅಂದರೆ ಮರ್ಚೆಂಟ್ ಡಿಸ್ಕೌಂಟ್ ರೇಟ್. ಇಲ್ಲಿ ಅದನ್ನು ಶೇ 2 ಎಂದು ಹಿಡಿಯಲಾಗಿದೆ. ಉಳಿದ 72 ರೂಪಾಯಿ ಆ ಶುಲ್ಕದ ಮೇಲೆ ಶೇ 18ರಂತೆ ಬಿದ್ದ ಜಿಎಸ್‌ಟಿ.

ಹೆಸರಿನಲ್ಲಿರುವ ಡಿಸ್ಕೌಂಟ್ ಎಂಬ ಮಾತು ಹಾದಿ ತಪ್ಪಿಸುವಂಥದು. ಆಷಾಢದ ಜವಳಿ ಮಾರಾಟದಲ್ಲಿ ಸಿಗುವ ರಿಯಾಯಿತಿಗೂ ಇದಕ್ಕೂ ಸಂಬಂಧವಿಲ್ಲ. ಗಿರಾಕಿಯಿಂದ ಬರಬೇಕಾದ ಹಣದ ಹಕ್ಕನ್ನು ಬ್ಯಾಂಕು ಅಂಗಡಿಯವರಿಂದ ಮುಖಬೆಲೆಗಿಂತ ತುಸು ಕಡಿಮೆಗೆ ಕೊಂಡು, ಹಣವನ್ನು ಕೂಡಲೇ ಕೊಡುತ್ತದೆ ಎಂಬುದು ಇದರ ಹಿಂದಿರುವ ಕಲ್ಪನೆ. ಈ ಅರ್ಥಕ್ಕೆ ನಮ್ಮಲ್ಲಿ ಹಿಂದಿನಿಂದಲೂ ಒಂದು ಪದವಿದೆ: ವಟ್ಟ. ಸವೆದ ನಾಣ್ಯವನ್ನೋ ಪರಸ್ಥಳದ ಹುಂಡಿಯನ್ನೋ, ಅಂದರೆ ಹಣ ಕೊಡಬೇಕೆಂದು ಬರೆದ ಚೀಟಿಯನ್ನೋ, ಬದಲಿಸಿಕೊಡುವಾಗ ಸಾಹುಕಾರರು ಮುರಿದುಕೊಳ್ಳುತ್ತಿದ್ದ ಹಣಕ್ಕೆ ವಟ್ಟ ಎನ್ನುತ್ತಿದ್ದರು. ಎಂಡಿಆರ್ ಅನ್ನು ‘ವ್ಯಾಪಾರಿ ರಿಯಾಯಿತಿ ದರ’ ಎಂದು ಪದಕ್ಕೆ ಪದವಿಟ್ಟು ಕನ್ನಡಿಸುವವರು ಈ ಹಳೆಯ ಪದವನ್ನು ಒಮ್ಮೆ ನೆನೆದಿದ್ದರೆ ಓದುಗರಿಗೆ ಎಷ್ಟೋ ಉಪಕಾರವಾಗುತ್ತಿತ್ತು. ಅಂಗಡಿಗಳಲ್ಲಂತೂ ಇದರ ಹೆಸರು ‘ಮಷೀನ್ ಚಾರ್ಜು’ ಅಥವಾ ಬರೀ ‘ಎರಡು ಪರ್ಸೆಂಟ್’.

ಈ ಹಣ ಒಂದೇ ಕಡೆ ಹೋಗುವುದಿಲ್ಲ. ಗಿರಾಕಿಗೆ ಕಾರ್ಡ್ ಕೊಟ್ಟ ಬ್ಯಾಂಕು, ಅಂಗಡಿಗೆ ಯಂತ್ರ ಕೊಟ್ಟ ಬ್ಯಾಂಕು ಅಥವಾ ಕಂಪನಿ, ಇವೆರಡರ ನಡುವೆ ಸಂದೇಶ ಸಾಗಿಸುವ ವೀಸಾ, ಮಾಸ್ಟರ್‌ಕಾರ್ಡ್, ರುಪೇಯಂಥ ಜಾಲ ಇದನ್ನು ಹಂಚಿಕೊಳ್ಳುತ್ತವೆ. ದೊಡ್ಡ ಪಾಲು ಸಾಮಾನ್ಯವಾಗಿ ಸಲ್ಲುವುದು ಕಾರ್ಡ್ ಕೊಟ್ಟ ಬ್ಯಾಂಕಿಗೆ. ಆ ಪಾಲಿಗೆ ಇಂಟರ್‌ಚೇಂಜ್ ಎಂದು ಹೆಸರು. ಗಿರಾಕಿಗೆ ಸಿಗುವ ರಿವಾರ್ಡ್ ಪಾಯಿಂಟು, ಕ್ಯಾಶ್‌ಬ್ಯಾಕ್‌ಗಳಿಗೆ ಖರ್ಚಾಗುವ ಹಣದಲ್ಲಿ ಒಂದು ಭಾಗ ಹುಟ್ಟುವುದು ಇಲ್ಲಿಯೇ. ಹಣ ಅಂಗಡಿಯವರದು, ಉಡುಗೊರೆ ಕೊಟ್ಟ ಹೆಸರು ಬ್ಯಾಂಕಿನದು.

ಶೇ 2 ಎಂದರೆ ಕೇಳುವುದಕ್ಕೆ ಚಿಕ್ಕದು. ಆದರೆ ಅದು ಲಾಭದ ಶೇ 2 ಅಲ್ಲ, ಮಾರಾಟದ ಶೇ 2. ಮೇಲಿನ ಫೋನ್ ಅಂಗಡಿಯವರಿಗೆ ಆ ವ್ಯಾಪಾರದಲ್ಲಿ ಶೇ 4ರಷ್ಟು, ಅಂದರೆ 800 ರೂಪಾಯಿ ಗಿಟ್ಟುತ್ತಿತ್ತು ಎನ್ನೋಣ. ಅದರಲ್ಲಿ 472 ರೂಪಾಯಿ ಹೋದರೆ ಕೈಯಲ್ಲಿ ಉಳಿಯುವುದು 328. ಮಳಿಗೆಯ ಬಾಡಿಗೆ, ಕರೆಂಟ್ ಬಿಲ್ಲು, ಹುಡುಗನ ಸಂಬಳ ಎಲ್ಲವೂ ಅದರಲ್ಲೇ ನಡೆಯಬೇಕು. ಜಿಎಸ್‌ಟಿಯ ಸಾಮಾನ್ಯ ನೋಂದಣಿ ಇದ್ದವರು 72 ರೂಪಾಯಿಯನ್ನು ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ ಆಗಿ, ಅಂದರೆ ತಾವು ಕಟ್ಟಬೇಕಾದ ತೆರಿಗೆಯಲ್ಲಿ ಕಳೆದುಕೊಂಡು, ಹಿಂಪಡೆಯಬಹುದು. ವಹಿವಾಟಿನ ಮೇಲೆ ನಿಗದಿತ ದರದಲ್ಲಿ ತೆರಿಗೆ ಕಟ್ಟುವ ಕಾಂಪೋಸಿಷನ್ ಪದ್ಧತಿಯಲ್ಲಿರುವ ಸಣ್ಣವರಿಗೆ ಆ ಅವಕಾಶವೂ ಇಲ್ಲ. ಬಂಗಾರದಂಗಡಿ, ದಿನಸಿ ಸಗಟು, ಮೊಬೈಲ್ ರೀಚಾರ್ಜ್‌ನಂಥ ತೆಳುಲಾಭದ ವ್ಯಾಪಾರದಲ್ಲಿ ಕಾರ್ಡ್ ಕಂಡೊಡನೆ ಅಂಗಡಿಯವರ ಮುಖ ಸಣ್ಣಗಾಗುವುದಕ್ಕೆ ಕಾರಣ ಈ ಲೆಕ್ಕವೇ ಹೊರತು, ತಂತ್ರಜ್ಞಾನದ ಮೇಲಿನ ಸಿಟ್ಟಲ್ಲ.

ಡೆಬಿಟ್ ಕಾರ್ಡಿನ ಎಂಡಿಆರ್‌ಗೆ ರಿಸರ್ವ್ ಬ್ಯಾಂಕು 2012ರಿಂದಲೂ ಮಿತಿ ಹಾಕುತ್ತ ಬಂದಿದೆ. 2018ರ ಜನವರಿ 1ರಿಂದ ಜಾರಿಗೆ ಬಂದ ಆದೇಶವು ಅಂಗಡಿಗಳನ್ನು ವಹಿವಾಟಿನ ಮೇಲೆ ಎರಡಾಗಿ ವಿಂಗಡಿಸಿತು: ಹಿಂದಿನ ಹಣಕಾಸು ವರ್ಷದಲ್ಲಿ 20 ಲಕ್ಷ ರೂಪಾಯಿವರೆಗೆ ವಹಿವಾಟು ನಡೆಸಿದವರಿಗೆ ಯಂತ್ರದ ಮೂಲಕ ನಡೆಯುವ ಡೆಬಿಟ್ ಕಾರ್ಡ್ ಪಾವತಿಗೆ ಗರಿಷ್ಠ ಶೇ 0.40, ಅದಕ್ಕಿಂತ ದೊಡ್ಡವರಿಗೆ ಗರಿಷ್ಠ ಶೇ 0.90. ಒಂದು ಪಾವತಿಗೆ ಮೊದಲನೆಯವರಿಂದ 200 ರೂಪಾಯಿಗಿಂತ, ಎರಡನೆಯವರಿಂದ 1,000 ರೂಪಾಯಿಗಿಂತ ಹೆಚ್ಚು ಮುರಿಯುವಂತಿಲ್ಲ. ಈ ಶುಲ್ಕವನ್ನು ಗಿರಾಕಿಯ ಮೇಲೆ ಹೇರದಂತೆ ಬ್ಯಾಂಕುಗಳು ನೋಡಿಕೊಳ್ಳಬೇಕೆಂದೂ ಅದೇ ಆದೇಶ ಹೇಳಿತು. ಕ್ರೆಡಿಟ್ ಕಾರ್ಡಿಗೆ ಇಂಥ ಮಿತಿ ಇಲ್ಲ. ಅಲ್ಲಿ ದರವನ್ನು ನಿಶ್ಚಯಿಸುವುದು ಒಪ್ಪಂದ, ಒಪ್ಪಂದವನ್ನು ನಿಶ್ಚಯಿಸುವುದು ಚೌಕಾಸಿ ಮಾಡುವ ಶಕ್ತಿ. ಸಾವಿರಾರು ಮಳಿಗೆಗಳಿರುವ ಸರಪಳಿ ಸಂಸ್ಥೆಗೆ ಸಿಗುವ ದರ ಬೀದಿ ಕೊನೆಯ ಸ್ಟೇಷನರಿ ಅಂಗಡಿಗೆ ಸಿಗುವುದಿಲ್ಲ.

2020ರ ಜನವರಿ 1ರಿಂದ ರುಪೇ ಡೆಬಿಟ್ ಕಾರ್ಡ್ ಮತ್ತು ಯುಪಿಐ ಪಾವತಿಗಳಿಗೆ ಎಂಡಿಆರ್ ಸೊನ್ನೆಯಾಯಿತು. ಇದಕ್ಕೆ ಆಧಾರ, 2007ರ ಪಾವತಿ ಮತ್ತು ಇತ್ಯರ್ಥ ವ್ಯವಸ್ಥೆಗಳ ಕಾಯ್ದೆಗೆ 2019ರಲ್ಲಿ ಸೇರಿಸಿದ 10ಎ ಕಲಂ. ಶುಲ್ಕ ಸೊನ್ನೆಯಾದ ಮಾತ್ರಕ್ಕೆ ಖರ್ಚು ಸೊನ್ನೆಯಾಗುವುದಿಲ್ಲವಷ್ಟೆ. ಆ ಖರ್ಚಿನ ಒಂದು ಭಾಗವನ್ನು ಕೇಂದ್ರ ಸರ್ಕಾರ ಬ್ಯಾಂಕುಗಳಿಗೆ ಪ್ರೋತ್ಸಾಹಧನವಾಗಿ ಕೊಡುತ್ತ ಬಂದಿದೆ. 2024–25ನೇ ಸಾಲಿಗೆ ಸಂಪುಟ ಒಪ್ಪಿದ್ದು ಸುಮಾರು 1,500 ಕೋಟಿ ರೂಪಾಯಿಯ ಯೋಜನೆ.

ಎಂಡಿಆರ್ ಸೊನ್ನೆ ಎಂದು ಕೇಳಿದ ಚಹಾ ಅಂಗಡಿಯವರು ತಮ್ಮ ಖಾತೆಯಿಂದ ತಿಂಗಳು ತಿಂಗಳು ಹಣ ಕಡಿತವಾಗುವುದನ್ನು ಕಂಡು ಗೊಂದಲಕ್ಕೆ ಬೀಳುವುದುಂಟು. ಅದು ‘ಇಷ್ಟು ರೂಪಾಯಿ ಬಂದಿದೆ’ ಎಂದು ಕೂಗಿ ಹೇಳುವ ಸೌಂಡ್ ಬಾಕ್ಸಿನ ಬಾಡಿಗೆ. ಬಾಡಿಗೆ 100 ರೂಪಾಯಿ, ಜಿಎಸ್‌ಟಿ 18 ರೂಪಾಯಿ ಎಂದು ಹಿಡಿದು, ಒಂದು ಲೋಟ ಚಹಾಕ್ಕೆ 3 ರೂಪಾಯಿ ಉಳಿಯುವುದಾದರೆ, ತಿಂಗಳಿಗೆ 40 ಲೋಟ ಚಹಾ ಆ ಡಬ್ಬಿಗೇ ಮೀಸಲು. ಸ್ವೈಪ್ ಯಂತ್ರದ ಬಾಡಿಗೆ, ಚಾಲ್ತಿ ಖಾತೆಯಲ್ಲಿ ಕನಿಷ್ಠ ಮೊತ್ತ ಇಲ್ಲದ್ದಕ್ಕೆ ದಂಡ, ಮಿತಿ ಮೀರಿ ನಗದು ಕಟ್ಟಿದ್ದಕ್ಕೆ ಶುಲ್ಕ, ಚೆಕ್ ವಾಪಸಾದರೆ ಅದಕ್ಕೊಂದು ಶುಲ್ಕ, ಇವು ಯಾವುವೂ ಎಂಡಿಆರ್ ಅಲ್ಲ. ವ್ಯಾಪಾರ ಚೆನ್ನಾಗಿದ್ದಾಗ ಇವು ಕಣ್ಣಿಗೂ ಬೀಳುವುದಿಲ್ಲ. ವ್ಯಾಪಾರ ಬಿದ್ದ ತಿಂಗಳಲ್ಲಿ ಎಂಡಿಆರ್ ತಾನಾಗಿ ಇಳಿಯುತ್ತದೆ, ಏಕೆಂದರೆ ಅದು ಮಾರಾಟಕ್ಕೆ ಅಂಟಿಕೊಂಡದ್ದು. ಬಾಡಿಗೆ ಇಳಿಯುವುದಿಲ್ಲ, ಖಾತೆ ಬರಿದಾದಷ್ಟೂ ಕನಿಷ್ಠ ಮೊತ್ತ ಇಲ್ಲದ್ದಕ್ಕೆ ದಂಡ ಬೀಳುವ ಸಂಭವ ಏರುತ್ತದೆ. ಸೋತ ಅಂಗಡಿಯನ್ನು ಮತ್ತಷ್ಟು ಕುಗ್ಗಿಸುವುದು, ನನ್ನ ಮಟ್ಟಿಗೆ, ಎಲ್ಲರೂ ಬೈಯುವ ಶೇಕಡಾವಾರು ಶುಲ್ಕಕ್ಕಿಂತ ಯಾರೂ ಮಾತನಾಡದ ಈ ನಿಗದಿತ ಕಡಿತಗಳೇ.

ಇನ್ನೊಂದು ಗೊಂದಲ ತೆರಿಗೆಯದು. 2025ರ ಜುಲೈನಲ್ಲಿ ಕರ್ನಾಟಕದ ವಾಣಿಜ್ಯ ತೆರಿಗೆ ಇಲಾಖೆಯು ಯುಪಿಐ ವಹಿವಾಟಿನ ಆಧಾರದ ಮೇಲೆ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟಾಗ ಬೆಂಗಳೂರಿನ ಹಲವು ಬೇಕರಿ, ಕಾಂಡಿಮೆಂಟ್ಸ್‌ಗಳಲ್ಲಿ ಕ್ಯೂಆರ್ ಚೀಟಿ ಹೋಗಿ ‘ನಗದು ಮಾತ್ರ’ ಎಂಬ ಬರಹ ಬಂದಿತು. ಅದು ಯುಪಿಐ ಶುಲ್ಕದ ವಿಚಾರವಾಗಿರಲಿಲ್ಲ. ವಹಿವಾಟು ಸರಕಿಗೆ 40 ಲಕ್ಷ, ಸೇವೆಗೆ 20 ಲಕ್ಷ ರೂಪಾಯಿ ದಾಟಿದರೆ ಬೇಕಾಗುವ ಜಿಎಸ್‌ಟಿ ನೋಂದಣಿಯ ವಿಚಾರವಾಗಿತ್ತು.

ಸೊನ್ನೆ ಎಂಡಿಆರ್‌ಗೂ ಒಂದು ಕಿಂಡಿ ಇದೆ. ರುಪೇ ಕ್ರೆಡಿಟ್ ಕಾರ್ಡನ್ನು ಯುಪಿಐಗೆ ಜೋಡಿಸಿಕೊಂಡ ಗಿರಾಕಿ ಅದೇ ಕ್ಯೂಆರ್ ಚೀಟಿಯನ್ನು ಸ್ಕ್ಯಾನ್ ಮಾಡಿದರೂ, ಲೆಕ್ಕಕ್ಕೆ ಅದು ಕ್ರೆಡಿಟ್ ಕಾರ್ಡೇ. ಸಣ್ಣ ವ್ಯಾಪಾರಿಗಳಿಗೆ 2,000 ರೂಪಾಯಿವರೆಗೆ ಇದರಲ್ಲಿ ಶುಲ್ಕವಿಲ್ಲ, ಮೇಲಿನ ಮೊತ್ತಕ್ಕೆ ಉಂಟು. ಗಲ್ಲಾದ ಮೇಲೆ ಕುಳಿತವರಿಗೆ ಮಾತ್ರ ಎರಡೂ ‘ಫೋನ್‌ನಲ್ಲಿ ಹೊಡೆದದ್ದು’ ಎಂದೇ ಕಾಣುತ್ತದೆ.

ಆದ್ದರಿಂದ ಎಂಡಿಆರ್ ಎಷ್ಟು ಎಂಬ ಪ್ರಶ್ನೆಗೆ ಒಂದೇ ಉತ್ತರ ಸಾಧ್ಯವಿಲ್ಲ. 20 ಲಕ್ಷದೊಳಗಿನ ವಹಿವಾಟಿನ ಅಂಗಡಿಯಲ್ಲಿ ಅದೇ 20,000 ರೂಪಾಯಿಯ ಫೋನ್‌ಗೆ ಗಿರಾಕಿ ತನ್ನ ಬ್ಯಾಂಕ್ ಖಾತೆಯಿಂದ ಯುಪಿಐ ಮಾಡಿದರೆ ಅಥವಾ ರುಪೇ ಡೆಬಿಟ್ ಕಾರ್ಡ್ ಕೊಟ್ಟರೆ ಕಡಿತವಿಲ್ಲ. ಬೇರೆ ಜಾಲದ ಡೆಬಿಟ್ ಕಾರ್ಡಾದರೆ ಹೆಚ್ಚೆಂದರೆ 80 ರೂಪಾಯಿ ಮತ್ತು ಅದರ ಜಿಎಸ್‌ಟಿ 14 ರೂಪಾಯಿ 40 ಪೈಸೆ. ಶೇ 2ರ ಕ್ರೆಡಿಟ್ ಕಾರ್ಡಾದರೆ 472. ಬ್ಯಾಂಕಿನ ಕಡತದಲ್ಲಿ ಅಂಗಡಿ ಮೇಲಿನ ವರ್ಗಕ್ಕೆ ಸೇರಿಹೋಗಿದ್ದರೆ 80ರ ಜಾಗದಲ್ಲಿ 180 ಮುರಿಯಬಹುದು. ಪಾಸ್‌ಬುಕ್ಕಿನಲ್ಲಿ ದಿನದ ಜಮೆ ಒಟ್ಟಾಗಿ ಒಂದೇ ಸಾಲಿನಲ್ಲಿ ಬರುವುದರಿಂದ ಇದು ಅಲ್ಲಿ ಕಾಣುವುದಿಲ್ಲ. ಯಂತ್ರ ಕೊಟ್ಟವರಿಂದ ಪಾವತಿವಾರು ವಿವರ ತರಿಸಿಕೊಂಡು, ಡೆಬಿಟ್ ಕಾರ್ಡಿನ ಸಾಲುಗಳಲ್ಲಿ 0.40 ಇದೆಯೇ 0.90 ಇದೆಯೇ ಎಂದು ನೋಡಬೇಕಾಗುತ್ತದೆ.